ಉಕ್ಕಿನ ಕೋಣೆಯೊಳಗಿನ ಪ್ರಾಣವಾಯು

ನಮ್ಮ ಶಾಲೆಯ ಪಾಲಕರೊಬ್ಬರು ಈಚೆಗೆ ಒಂದು ಕರಪತ್ರ ತಂದು ತೋರಿಸಿದರು. ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿಯ ಜಾಹೀರಾತು ಅದು. ಗಟ್ಟಿಯಾಗಿ ಮುಚ್ಚಿದ ಕೋಣೆಯೊಳಗೆ ರೋಗಿಯನ್ನು ಮಲಗಿಸಿ ಅಥವಾ ಕೂಡಿಸಿ, ಹೊರಗಿನ ಗಾಳಿಗಿಂತ ಎರಡು ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ. ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಹಿಡಿದು ಮಕ್ಕಳ ಆಟಿಸಂವರೆಗೆ ಎಲ್ಲಕ್ಕೂ ಇದೇ ಮದ್ದು ಎಂದು ಅದರಲ್ಲಿತ್ತು. ಇದರಲ್ಲಿ ಎಷ್ಟು ನಿಜ ಎಂದು ಅವರು ಕೇಳಿದರು. ಅದಕ್ಕೆ ಉತ್ತರ ಹೇಳಬೇಕಾದರೆ ಈ ಚಿಕಿತ್ಸೆಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

ಕಥೆ ಶುರುವಾಗುವುದು ಸೇತುವೆಯ ಕೆಳಗೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಬುನಾದಿಗಾಗಿ 1870ರ ಸುಮಾರಿಗೆ ನದಿಯ ತಳ ಅಗೆಯಬೇಕಾಯಿತು. ತಳವಿಲ್ಲದ ಭಾರೀ ಮರದ ಪೆಟ್ಟಿಗೆಯನ್ನು ಬೋರಲಾಗಿ ನೀರಿಗಿಳಿಸಿ, ನೀರು ಒಳನುಗ್ಗದಂತೆ ಅದರೊಳಗೆ ಒತ್ತಡದ ಗಾಳಿ ತುಂಬಿದರು. ಇದಕ್ಕೆ ಕೈಸನ್ ಎನ್ನುತ್ತಾರೆ. ಅದರೊಳಗೆ ಅಗೆದು ಮೇಲೆ ಬಂದ ಕೂಲಿಕಾರರಿಗೆ ಕೀಲು ಕೀಲಿನಲ್ಲಿ ನೋವು. ಕೆಲವರ ಕಾಲು ಸ್ವಾಧೀನ ತಪ್ಪಿತು, ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಹಾಸಿಗೆ ಹಿಡಿದರು. ಮುಂದೆ 1883ರಲ್ಲಿ ಸೇತುವೆ ಮುಗಿಯುವವರೆಗೆ ಅವರ ಪತ್ನಿ ಎಮಿಲಿ ಅವರೇ ಗಂಡನ ಸೂಚನೆಗಳನ್ನು ಕೆಲಸಗಾರರಿಗೆ ಮುಟ್ಟಿಸಿ ಮೇಲ್ವಿಚಾರಣೆ ಮಾಡಿದರು. (ಆ ತಾಯಿಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.)

ಕಾರಣವನ್ನು ವಿವರಿಸಿದವರು ಫ್ರಾನ್ಸಿನ ಪಾಲ್ ಬರ್ಟ್, 1878ರಲ್ಲಿ. ನಮ್ಮ ಜಾತ್ರೆಯ ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಒತ್ತಿದ ಕೂಡಲೇ ಅಲ್ಲಿಯವರೆಗೆ ಕಾಣದಿದ್ದ ಗುಳ್ಳೆ ಬುಸ್ಸೆಂದು ಏಳುತ್ತದೆ. ಒತ್ತಡದಲ್ಲಿ ರಕ್ತದಲ್ಲಿ ಕರಗಿದ್ದ ಸಾರಜನಕವೂ ಮನುಷ್ಯ ಥಟ್ಟನೆ ಹೊರಬಂದಾಗ ಹಾಗೆಯೇ ಗುಳ್ಳೆಯಾಗುತ್ತದೆ. ಪರಿಹಾರವೆಂದರೆ ರೋಗಿಯನ್ನು ಮತ್ತೆ ಒತ್ತಡಕ್ಕೆ ಒಳಪಡಿಸಿ ನಿಧಾನವಾಗಿ ಹೊರತರುವುದು. ಇಂದಿಗೂ ಆಳ ಸಮುದ್ರದ ಮುಳುಗುಗಾರರಿಗೆ ಈ ಕೋಣೆಯೇ ಜೀವದಾನ.

ಅದೇ ಬರ್ಟ್ ಇನ್ನೊಂದನ್ನೂ ತೋರಿಸಿದ್ದರು. ಹೆಚ್ಚು ಒತ್ತಡದಲ್ಲಿ ಆಮ್ಲಜನಕವೇ ವಿಷವಾಗಿ ಪ್ರಾಣಿಗಳಿಗೆ ಫಿಟ್ಸ್ ಬರಿಸುತ್ತದೆ. ಬಹಳ ಹೊತ್ತು ಉಸಿರಾಡಿದರೆ ಶ್ವಾಸಕೋಶವೂ ಕೆಡುತ್ತದೆ ಎಂದು 1899ರಲ್ಲಿ ಲೊರೇನ್ ಸ್ಮಿತ್ ಕಂಡುಕೊಂಡರು. ಅಂದರೆ ಒತ್ತಡದ ಆಮ್ಲಜನಕ ಆಸ್ಪತ್ರೆಗೆ ಮದ್ದಾಗಿ ಬರುವ ಎಷ್ಟೋ ವರ್ಷ ಮೊದಲೇ ಅದರ ವಿಷಗುಣ ಗೊತ್ತಿತ್ತು.

ಇನ್ನು ಅತಿಯಾಸೆಯ ಅಧ್ಯಾಯ. ಅಮೆರಿಕದ ಡಾಕ್ಟರ್ ಕನಿಂಗ್‌ಹ್ಯಾಮ್ ಅವರಿಗಾಗಿ 1928ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ 64 ಅಡಿ ವ್ಯಾಸದ ಉಕ್ಕಿನ ಗುಂಡನ್ನೇ ಆಸ್ಪತ್ರೆಯಾಗಿ ಕಟ್ಟಲಾಯಿತು. ಅದು ಐದು ಅಂತಸ್ತಿನದು, ಒಳಗೆಲ್ಲ ಒತ್ತಡದ ಗಾಳಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲವೂ ವಾಸಿಯಾಗುತ್ತವೆ ಎಂದು ಅವರ ನಂಬಿಕೆ. ಅಮೆರಿಕದ ವೈದ್ಯರ ಸಂಘ ಪುರಾವೆ ಕೇಳಿತು, ಅವರಲ್ಲಿ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಆಸ್ಪತ್ರೆ ಮುಚ್ಚಿತು. 1942ರಲ್ಲಿ, ಯುದ್ಧಕಾಲದಲ್ಲಿ, ಆ ಗುಂಡನ್ನು ಒಡೆದು ಗುಜರಿಗೆ ಹಾಕಿದರು.

ಪುರಾವೆ ತಂದವರು ಹಾಲೆಂಡಿನ ಶಸ್ತ್ರವೈದ್ಯ ಬೂರೆಮಾ. ಸಾಮಾನ್ಯವಾಗಿ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ ಸುಮಾರು 20 ಮಿ.ಲೀ. ಆಮ್ಲಜನಕ ಹೊರುತ್ತದೆ, ದ್ರವಭಾಗದಲ್ಲಿ ಕರಗಿರುವುದು ಬರೀ 0.3 ಮಿ.ಲೀ. ಮೂರು ಪಟ್ಟು ಒತ್ತಡದ ಶುದ್ಧ ಆಮ್ಲಜನಕ ಕೊಟ್ಟರೆ ಈ 0.3 ಸುಮಾರು 6 ಆಗುತ್ತದೆ. ಸುಮ್ಮನೆ ಮಲಗಿದ ದೇಹಕ್ಕೆ ಅಷ್ಟೇ ಸಾಕು. 1960ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಹಂದಿಮರಿಗಳ ಕೆಂಪು ರಕ್ತಕಣಗಳನ್ನೆಲ್ಲ ಬಹುಪಾಲು ತೆಗೆದು, ಬದಲಿಗೆ ಬೇರೆ ದ್ರವ ತುಂಬಿ, ಈ ಕೋಣೆಯಲ್ಲಿ ಬದುಕಿಸಿ ತೋರಿಸಿದರು. ಮರುವರ್ಷವೇ ಅವರ ತಂಡದಿಂದ ಗ್ಯಾಸ್ ಗ್ಯಾಂಗ್ರೀನ್ ಚಿಕಿತ್ಸೆಯ ವರದಿ ಬಂತು. ಆಮ್ಲಜನಕ ಇದ್ದಲ್ಲಿ ಬಾಳಲಾರದ ರೋಗಾಣು ಅದು.

ಇಂದು ಇದಕ್ಕೆ ಒಪ್ಪಿತವಾದ ಉಪಯೋಗಗಳ ಪಟ್ಟಿ ಚಿಕ್ಕದು. ಮುಳುಗುಗಾರರ ಗುಳ್ಳೆರೋಗ, ಗ್ಯಾಸ್ ಗ್ಯಾಂಗ್ರೀನ್, ಕ್ಯಾನ್ಸರಿಗೆ ಕೊಟ್ಟ ವಿಕಿರಣದಿಂದ ತಡವಾಗಿ ಕಾಣಿಸುವ ಹಾನಿ, ಆಯ್ದ ಕೆಲವರ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಇಂಥವು. ಹುಣ್ಣಿಗೆ ಉಳಿದ ಆರೈಕೆಯ ಜೊತೆಗೆ ಮಾತ್ರ, ಅದರ ಬದಲಿಗೆ ಅಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಹೊತ್ತಿಸಿ ಮಲಗಿದವರಿಗೆ ತಗಲುವ ಕಾರ್ಬನ್ ಮೊನಾಕ್ಸೈಡ್ ವಿಷಕ್ಕೂ ಬಳಸುತ್ತಾರೆ. ರಕ್ತದಲ್ಲಿ ಆ ವಿಷ ಅರ್ಧಕ್ಕಿಳಿಯಲು ಬರೀ ಗಾಳಿಯಲ್ಲಿ ಸುಮಾರು 5 ತಾಸು ಬೇಕಾದರೆ ಈ ಕೋಣೆಯಲ್ಲಿ ಅರ್ಧ ತಾಸಿಗಿಂತ ಕಡಿಮೆ ಸಾಕು.

ಈಗ ಮಕ್ಕಳ ವಿಷಯ. 2001ರಲ್ಲಿ ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ 111 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒತ್ತಡದ ಆಮ್ಲಜನಕ, ಇನ್ನೊಂದಕ್ಕೆ ಸ್ವಲ್ಪವೇ ಒತ್ತಡದ ಬರೀ ಗಾಳಿ ಕೊಟ್ಟು ನೋಡಿದರು. ಎರಡೂ ಗುಂಪು ಸಮನಾಗಿ ಸುಧಾರಿಸಿದವು. ದಿನವೂ ತಾಯಿತಂದೆ ಜೊತೆಗಿದ್ದು ಕೊಟ್ಟ ಗಮನವೇ ಕೆಲಸ ಮಾಡಿರಬೇಕು ಎಂದು ನಮಗೆ ಅನಿಸುತ್ತದೆ. ಆಟಿಸಂಗೆ ಇದು ಗುಣವೆಂದು ಸಾಬೀತಾಗಿಲ್ಲ ಎಂದು ಅಮೆರಿಕದ ಔಷಧ ಇಲಾಖೆ 2013ರಲ್ಲೇ ಎಚ್ಚರಿಸಿದೆ. ಹೊಲ ಅಡವಿಟ್ಟು ಈ ಕೋಣೆಗೆ ಮಗುವನ್ನು ಕರೆದೊಯ್ಯುವುದು ಬೇಡ ಎಂದೇ ಆ ಪಾಲಕರಿಗೆ ನಾವು ಹೇಳಿದೆವು.

ಹಣ ಮಾತ್ರವಲ್ಲ, ಜೀವದ ಪ್ರಶ್ನೆಯೂ ಇದೆ. ಕಿವಿನೋವು, ಕಿವಿಯ ತಮಟೆಗೆ ಪೆಟ್ಟು ಸಾಮಾನ್ಯ. ಕೆಲವರಿಗೆ ಕೆಲವು ವಾರ ದೂರದ್ದು ಮಸುಕಾಗಿ ಕಾಣುತ್ತದೆ. ಫಿಟ್ಸ್ ಅಪರೂಪ. ಎದೆಗೂಡಿನಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಸಿದಿದ್ದು ಅದಕ್ಕೆ ಚಿಕಿತ್ಸೆ ಆಗಿರದಿದ್ದರೆ ಒಳಗೆ ಹೋಗಲೇಬಾರದು. ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. 1997ರಲ್ಲಿ ಇಟಲಿಯ ಮಿಲಾನಿನಲ್ಲಿ ಇಂಥ ಕೋಣೆಗೆ ಬೆಂಕಿ ತಗಲಿ 11 ಜನ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 5 ವರ್ಷದ ಬಾಲಕ ಇದೇ ರೀತಿ ತೀರಿಕೊಂಡ.

ಆದ್ದರಿಂದ ವೈದ್ಯರ ಸಲಹೆಯಂತೆಯೇ ಹೋಗಬೇಕಾಗಿ ಬಂದವರೂ ಇಷ್ಟು ನೋಡಿಕೊಳ್ಳಿ. ಅಲ್ಲಿಯವರು ಹತ್ತಿಬಟ್ಟೆ ಉಡಿಸುತ್ತಾರೆಯೇ, ತಲೆಯ ಎಣ್ಣೆ ತೊಳೆದು ಬರಲು ಹೇಳುತ್ತಾರೆಯೇ, ಮೊಬೈಲು, ಬೆಂಕಿಪೊಟ್ಟಣ ಹೊರಗಿಡಿಸುತ್ತಾರೆಯೇ, ನೆಗಡಿ, ಹಳೆಯ ಶ್ವಾಸಕೋಶದ ರೋಗ ಇದೆಯೇ ಎಂದು ಕೇಳುತ್ತಾರೆಯೇ? ಇದೊಂದನ್ನೂ ಕೇಳದೆ ನೈಲಾನ್ ಸೀರೆಯಲ್ಲೇ ಒಳಗೆ ಬಿಡುವವರಿದ್ದರೆ, ಕಟ್ಟಿದ ಹಣ ಹೋದರೂ ಹೋಗಲಿ, ಅಲ್ಲಿಂದ ಎದ್ದು ಬನ್ನಿ.