'ಈ ವಾರ ಒಣಹವೆ': ಒಂದು ಸಾಲಿನ ಹಿಂದಿರುವ 160 ವರ್ಷ

ಇವತ್ತಿನ ಎಪಿಸೋಡು ಒಂದೇ ಒಂದು ಸಾಲಿನ ಬಗ್ಗೆ. "ಕರಾವಳಿ ಮತ್ತು ಮಲೆನಾಡಿನಲ್ಲಿ ಮುಂದಿನ ಏಳು ದಿನ ಒಣಹವೆ ಇರುವ ಸಾಧ್ಯತೆ." ಡಿಸೆಂಬರ್, ಜನವರಿಯಲ್ಲಿ ಈ ಸಾಲು ನಿಮ್ಮ ಫೋನಿಗೂ ಬಂದಿರುತ್ತೆ. ನೀವು ಓದಿಯೂ ಇರಲ್ಲ, ಬೆರಳಲ್ಲಿ ಮೇಲಕ್ಕೆ ತಳ್ಳಿರ್ತೀರಿ. ನಾನೂ ಹಾಗೇ ಮಾಡ್ತಿದ್ದೆ, 2021ರ ಜನವರಿ ತನಕ.

ನಮ್ಮೂರು ಕೊಪ್ಪದ ಹತ್ತಿರ. ಆಗ ಕಾಲೇಜು ಆನ್‌ಲೈನ್ ಇತ್ತು, ನಾನು ಮನೇಲೇ ಇದ್ದೆ. ಕಣದ ತುಂಬ ಕಾಫಿ ಹಣ್ಣು ಹರವಿತ್ತು. ಅಜ್ಜ ದಿನಕ್ಕೆ ನಾಲ್ಕು ಸಲ ಅದನ್ನ ಕೈಯಾಡಿಸಿ ಬರ್ತಿದ್ರು. ಒಂದು ಮಧ್ಯಾಹ್ನ ನನ್ನ ಫೋನಲ್ಲಿ ಆ ವಾರದ ಮುನ್ಸೂಚನೆ ಬಂತು: ಮಲೆನಾಡಿನ ಒಂದೆರಡು ಕಡೆ ಮಳೆ ಸಾಧ್ಯತೆ. "ಒಂದೆರಡು ಕಡೆ ಅಂದ್ರೆ ನಮ್ಮಲ್ಲೇ ಯಾಕೆ ಬರುತ್ತೆ" ಅಂದುಕೊಂಡು ಫೋನ್ ಕೆಳಗಿಟ್ಟೆ. ಅಜ್ಜನಿಗೆ ಹೇಳಲಿಲ್ಲ. ಎರಡನೇ ರಾತ್ರಿ ಹೆಂಚಿನ ಮೇಲೆ ಸದ್ದು ಶುರುವಾಯ್ತು. ನಾವು ಟಾರ್ಪಾಲು ಎಳ್ಕೊಂಡು ಓಡೋ ಹೊತ್ತಿಗೆ ಅರ್ಧ ಕಣ ನೆನೆದಿತ್ತು. ಮೂರು ದಿನ ಬಿಸಿಲೇ ಬರಲಿಲ್ಲ. ಹಣ್ಣಿಗೆ ಬೂಸ್ಟು ಹಿಡೀತು. ಗಿಡದಲ್ಲಿದ್ದದ್ದು ಒಡೆದು ಉದುರಿತು. ಅಜ್ಜ ನನ್ನ ಬೈಯಲಿಲ್ಲ, ಯಾಕಂದ್ರೆ ನನಗೆ ಗೊತ್ತಿತ್ತು ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಆ ವರ್ಷ ಹಿಂಗಾರು ದಕ್ಷಿಣ ಭಾರತದಿಂದ ಹೊರಟಿದ್ದೇ ಜನವರಿ 19ಕ್ಕೆ. ಸಾಮಾನ್ಯವಾಗಿ ನಮ್ಮ ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತೆ. ನೆಲದ ಮೇಲೆ ಹಾದು ಬರೋ ಒಣ ಗಾಳಿ ಅದು. ಘಟ್ಟದ ಮೇಲೆ ಬೆಳಗ್ಗೆ ಕೊರೆಯೋ ಚಳಿ. ಅದೇ ಗಾಳಿ ಘಟ್ಟ ಇಳಿಯುತ್ತಾ ಬಿಸಿಯಾಗಿ, ಸಮುದ್ರದ ತಂಪು ಗಾಳಿಯನ್ನ ಮಧ್ಯಾಹ್ನದವರೆಗೂ ದಡ ಹತ್ತೋಕೆ ಬಿಡಲ್ಲ. ಉತ್ತರ ಭಾರತ ನಡುಗೋ ತಿಂಗಳಲ್ಲೂ ದೇಶದ ಅತಿ ಹೆಚ್ಚು ಉಷ್ಣಾಂಶ ಎಷ್ಟೋ ಸಲ ಕಾರವಾರ, ಹೊನ್ನಾವರದಲ್ಲಿ ದಾಖಲಾಗೋದು ಇದಕ್ಕೇ. ಆದರೆ ಪೂರ್ವದ ಗಾಳಿಯಲ್ಲಿ ಒಂದು ಅಲೆ ಎದ್ದು, ಅರಬ್ಬಿ ಸಮುದ್ರದ ಕಡೆ ಒತ್ತಡ ಕುಸಿದರೆ ಲೆಕ್ಕ ತಲೆಕೆಳಗಾಗುತ್ತೆ. ಆ ಜನವರಿ ಆಗಿದ್ದು ಅದು. ಕೊಡಗು, ಚಿಕ್ಕಮಗಳೂರು, ಕರಾವಳಿ, ಎಲ್ಲ ಕಡೆ ಮಳೆ ಬಂತು.

ಇಲ್ಲಿ ಚಳಿಗಾಲ ಅಂದ್ರೆ ಒಣಗಿಸೋ ಕಾಲ. ಮೇಲೆ ಕಾಫಿ, ಕೆಳಗೆ ಚಾಲಿ ಅಡಿಕೆ, ದಡದಲ್ಲಿ ಒಣಮೀನು. ಮೂರಕ್ಕೂ ಬೇಕಾಗಿರೋದು ಒಣಹವೆ. ಹಾಗಾಗಿ ಒಂದು ವಾರದ ಮಾತನ್ನ ಮೊದಲೇ ಹೇಳೋಕೆ ಮನುಷ್ಯ ಯಾವಾಗ ಕಲಿತ ಅಂತ ಹುಡುಕ್ತಾ ಹೋದೆ.

ಕಥೆ ಶುರುವಾಗೋದು ಇಂಗ್ಲೆಂಡಿನ ಕಡೆ ಸಮುದ್ರದಲ್ಲಿ. 1859ರ ಅಕ್ಟೋಬರ್‌ನಲ್ಲಿ ರಾಯಲ್ ಚಾರ್ಟರ್ ಅನ್ನೋ ಹಡಗು ಆಸ್ಟ್ರೇಲಿಯಾದಿಂದ ವಾಪಸ್ ಬರ್ತಾ, ಇನ್ನೇನು ಊರು ಸೇರಿತು ಅನ್ನುವಾಗ ವೇಲ್ಸ್ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ಸತ್ತವರು ಸುಮಾರು 450. ಆಗ ಬ್ರಿಟಿಷ್ ಸರ್ಕಾರದ ಹವಾಮಾನ ವಿಭಾಗಕ್ಕೆ ರಾಬರ್ಟ್ ಫಿಟ್ಜ್‌ರಾಯ್ ಮುಖ್ಯಸ್ಥ. ಡಾರ್ವಿನ್ ಲೋಕ ಸುತ್ತಿದ ಬೀಗಲ್ ಹಡಗಿನ ಕ್ಯಾಪ್ಟನ್ ಇವನೇ. ಬಿರುಗಾಳಿ ಒಂದು ಊರಿಂದ ಇನ್ನೊಂದು ಊರಿಗೆ ಬರೋದಕ್ಕಿಂತ ಬೇಗ ಟೆಲಿಗ್ರಾಂ ಹೋಗುತ್ತಲ್ಲ, ಹಾಗಿದ್ರೆ ಮೊದಲೇ ಯಾಕೆ ಹೇಳಬಾರದು ಅಂತ ಅವನ ಯೋಚನೆ. 1861ರ ಫೆಬ್ರವರಿಯಲ್ಲಿ ಬಂದರುಗಳಿಗೆ ಎಚ್ಚರಿಕೆ ಕಳಿಸೋಕೆ ಶುರು ಮಾಡಿದ. ಆಗಸ್ಟ್ 1ಕ್ಕೆ ಟೈಮ್ಸ್ ಪತ್ರಿಕೆಯಲ್ಲಿ ಮುನ್ಸೂಚನೆ ಅಚ್ಚಾಯ್ತು. ಎಷ್ಟು ದಿನದ್ದು? ಒಂದೆರಡು ದಿನದ್ದು ಮಾತ್ರ.

ತಪ್ಪಿದಾಗ ಜನ ನಕ್ಕರು. ವಿಜ್ಞಾನಿಗಳು ಇದು ವಿಜ್ಞಾನವೇ ಅಲ್ಲ ಅಂದರು. ಸಾಲ, ಖಿನ್ನತೆ ಎರಡೂ ಅವನನ್ನ ಹಿಂಡಿದ್ದವು. 1865ರ ಏಪ್ರಿಲ್ 30ರಂದು ಫಿಟ್ಜ್‌ರಾಯ್ ಆತ್ಮಹತ್ಯೆ ಮಾಡಿಕೊಂಡ. ಮುಂದಿನ ವರ್ಷ ಸರ್ಕಾರ ಮುನ್ಸೂಚನೆಯನ್ನೇ ನಿಲ್ಲಿಸಿತು. ಬಿರುಗಾಳಿ ಎಚ್ಚರಿಕೆಯೂ ನಿಂತಿತು. ಮೀನುಗಾರರು, ನಾವಿಕರು ಸುಮ್ಮನಿರಲಿಲ್ಲ, ಗಲಾಟೆ ಮಾಡಿದರು. 1867ರಲ್ಲಿ ಎಚ್ಚರಿಕೆ ಮತ್ತೆ ಶುರುವಾಯ್ತು. ಅರ್ಧಂಬರ್ಧ ಸರಿ ಇರೋ ಎಚ್ಚರಿಕೆಯ ಬೆಲೆ ಎಷ್ಟು ಅಂತ ನೀರಿಗಿಳಿಯೋರಿಗೆ ಗೊತ್ತಿತ್ತು.

ನಮ್ಮ ದೇಶಕ್ಕೆ ಬರೋಣ. 1864ರ ಅಕ್ಟೋಬರ್ 5ರಂದು ಕಲ್ಕತ್ತಾಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 60,000 ಜನ ಸತ್ತರು. ಮರುವರ್ಷವೇ ಕಲ್ಕತ್ತಾ ಬಂದರಿನಲ್ಲಿ ಎಚ್ಚರಿಕೆಯ ವ್ಯವಸ್ಥೆ ಬಂತು. 1866, 1871ರಲ್ಲಿ ಮುಂಗಾರು ಕೈಕೊಟ್ಟು ಬರ ಬಿತ್ತು. ಇಷ್ಟೆಲ್ಲ ಆದ ಮೇಲೆ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. 1880ರ ಹೊತ್ತಿಗೆ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೂ ಎಚ್ಚರಿಕೆ ಬರತೊಡಗಿತು. 1898ರ ಏಪ್ರಿಲ್‌ನಿಂದ ಎಲ್ಲ ಬಂದರುಗಳಿಗೂ ಒಂದೇ ಥರದ ಸಂಕೇತ ಬಂತು. "ಬಂದರಿನಲ್ಲಿ 3ನೇ ನಂಬರ್ ಸಿಗ್ನಲ್" ಅಂತ ಈಗಲೂ ನ್ಯೂಸಲ್ಲಿ ಕೇಳ್ತೀವಲ್ಲ, ಅದು ಅದೇ. ಹಗಲು ಕಂಬಕ್ಕೆ ಗುರುತು ಏರಿಸೋದು, ರಾತ್ರಿ ದೀಪ ಹಚ್ಚೋದು. ಓದು ಬರಹ ಬೇಕಿಲ್ಲ, ತಲೆ ಎತ್ತಿ ನೋಡಿದ್ರೆ ಸಾಕು.

ಆಮೇಲೆ ರೇಡಿಯೋ ಬಂತು. ನಿಮ್ಮ ಅಪ್ಪ ಅಮ್ಮನನ್ನ ಕೇಳಿ. ಆಕಾಶವಾಣಿಯ ಪ್ರದೇಶ ಸಮಾಚಾರ ಮುಗಿಯೋವಾಗ ಹವಾಮಾನ ವರದಿ ಬರ್ತಿತ್ತು. "ಮುಂದಿನ 24 ಗಂಟೆಗಳಲ್ಲಿ ಒಣಹವೆ ಮುಂದುವರಿಯುವ ಸಾಧ್ಯತೆ." ಇಪ್ಪತ್ನಾಲ್ಕು ಗಂಟೆ ಅನ್ನೋದನ್ನ ಗಮನಿಸಿ. ಅದು ಏಳು ದಿನ ಆಗಿದ್ದು ಹೇಗೆ?

ಲೂಯಿಸ್ ಫ್ರೈ ರಿಚರ್ಡ್‌ಸನ್ ಅಂತ ಒಬ್ಬ. ಮೊದಲ ಮಹಾಯುದ್ಧದಲ್ಲಿ ಆಂಬ್ಯುಲೆನ್ಸ್ ಕೆಲಸ ಮಾಡ್ತಾ, ಬಿಡುವಲ್ಲಿ ಕಾಗದ ಪೆನ್ಸಿಲ್ ಹಿಡಿದು 1910ರ ಒಂದು ದಿನದ ಆರು ಗಂಟೆಯ ಹವಾಮಾನವನ್ನ ಲೆಕ್ಕ ಹಾಕಿದ. ಉತ್ತರ ಪೂರಾ ತಪ್ಪು. ಗಾಳಿಯ ಒತ್ತಡ 145 ಮಿಲಿಬಾರ್ ಬದಲಾಗುತ್ತೆ ಅಂತ ಬಂತು, ನಿಜದಲ್ಲಿ ಅದು ಹೆಚ್ಚುಕಮ್ಮಿ ಅಲುಗಾಡಿರಲೇ ಇಲ್ಲ. ಆದರೂ ಅವನು 1922ರಲ್ಲಿ ಅದನ್ನ ಮುಚ್ಚಿಡದೆ ಪುಸ್ತಕದಲ್ಲಿ ಹಾಕಿದ. 64,000 ಜನ ಒಟ್ಟಿಗೆ ಕೂತು ಲೆಕ್ಕ ಮಾಡಿದ್ರೆ ಹವಾಮಾನದ ಜೊತೆಗೇ ಓಡಬಹುದು ಅಂತ ಅವನ ಅಂದಾಜು. 1950ರಲ್ಲಿ ಎನಿಯಾಕ್ ಕಂಪ್ಯೂಟರ್ 24 ಗಂಟೆಯ ಮುನ್ಸೂಚನೆ ಮಾಡಿತು. ಹಿಡಿದ ಸಮಯ ಸುಮಾರು 24 ಗಂಟೆ! 1960ರಲ್ಲಿ ಮೊದಲ ಹವಾಮಾನ ಉಪಗ್ರಹ ಮೇಲೆ ಹೋಯ್ತು. ಯಾರೂ ಕೂತು ನೋಡಲಾಗದ ಸಮುದ್ರದ ಮೇಲೂ ಒಂದು ಕಣ್ಣು ಬಿತ್ತು. ನಮ್ಮಂಥ ಕರಾವಳಿಗೆ ಇದು ದೊಡ್ಡ ವಿಷಯ.

ಹಾಗಾದ್ರೆ ಒಂದು ತಿಂಗಳದ್ದು ಯಾಕೆ ದಿನದಿನಕ್ಕೆ ಹೇಳಲ್ಲ? 1961ರ ಚಳಿಗಾಲದಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿಗೆ 0.506127 ಅನ್ನೋ ಬದಲು 0.506 ಅಂತ ಕೊಟ್ಟ. ಅಷ್ಟು ಚಿಕ್ಕ ವ್ಯತ್ಯಾಸಕ್ಕೆ ಮುಂದಿನ ಹವಾಮಾನ ಪೂರ್ತಿ ಬೇರೆಯೇ ಆಯ್ತು. ಇವತ್ತಿನ ಗಾಳಿಯನ್ನ ನಾವು ಪೂರ್ತಿ ಸರಿಯಾಗಿ ಅಳೆಯೋಕೆ ಆಗಲ್ಲ, ಆ ಸಣ್ಣ ತಪ್ಪು ದಿನೇದಿನೇ ಬೆಳೆಯುತ್ತೆ. ಎರಡು ವಾರ ದಾಟಿದ್ರೆ ದಿನದ ಲೆಕ್ಕದ ಮುನ್ಸೂಚನೆಗೆ ಅರ್ಥವಿಲ್ಲ. ಇದು ಯಂತ್ರದ ಸೋಮಾರಿತನ ಅಲ್ಲ, ಗಾಳಿಯ ಗುಣ. ಆ ಮಿತಿಯೊಳಗೆ ಗಟ್ಟಿಯಾಗಿ ಹೇಳೋಕೆ ಭಾರತ 1988ರಲ್ಲಿ ಮಧ್ಯಮಾವಧಿ ಮುನ್ಸೂಚನೆಗೇ ಒಂದು ರಾಷ್ಟ್ರೀಯ ಕೇಂದ್ರ ತೆರೆದು, ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ತರಿಸಿತು.

ನಮ್ಮ ಘಟ್ಟಕ್ಕೆ ಇನ್ನೊಂದು ಸಮಸ್ಯೆ ಇದೆ. ಕಂಪ್ಯೂಟರ್ ಭೂಮಿಯನ್ನ ಚೌಕಗಳಾಗಿ ಕತ್ತರಿಸಿ ನೋಡುತ್ತೆ. ಇತ್ತೀಚಿನವರೆಗೂ ನಮ್ಮಲ್ಲಿ ಒಂದು ಚೌಕ ಸುಮಾರು 12 ಕಿಲೋಮೀಟರ್. ಸೋಮೇಶ್ವರದಿಂದ ಆಗುಂಬೆ ತನಕದ ಹದಿನಾಲ್ಕು ತಿರುವು ಹೆಚ್ಚುಕಮ್ಮಿ ಒಂದೇ ಚೌಕದಲ್ಲಿ ಮುಗಿದುಹೋಗುತ್ತೆ. ಕೆಳಗೆ ಸೆಖೆ, ಮೇಲೆ ಮಂಜು, ಯಂತ್ರಕ್ಕೆ ಎರಡೂ ಒಂದೇ. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಆ ಚೌಕವನ್ನ 6 ಕಿಲೋಮೀಟರಿಗೆ ಇಳಿಸಿದೆ.

ಚೌಕ ಎಷ್ಟೇ ಚಿಕ್ಕದಾಗಲಿ, ಮಾತು ತಲುಪಬೇಕಲ್ಲ. 2017ರ ಓಖಿ ನೆನಪಿದೆಯಾ? ನವೆಂಬರ್ 29ಕ್ಕೆ ಶ್ರೀಲಂಕಾದ ಹತ್ತಿರ ವಾಯುಭಾರ ಕುಸಿತ, 30ರ ಬೆಳಗ್ಗೆ ಚಂಡಮಾರುತ. ಕನ್ಯಾಕುಮಾರಿ, ತಿರುವನಂತಪುರದ ಮೀನುಗಾರರು ಅಷ್ಟರಲ್ಲಿ ದೂರ ಸಮುದ್ರದಲ್ಲಿದ್ದರು. ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದ್ರೆ ಫೋನ್ ಸಿಗಲ್ಲ. ಎಚ್ಚರಿಕೆ ದಡದಲ್ಲೇ ಉಳೀತು. 68 ದೋಣಿಗಳು, 952 ಜನ ಮಹಾರಾಷ್ಟ್ರದ ದೇವಗಡ ಬಂದರು ಸೇರಿ ಬದುಕಿದರು. ಸತ್ತವರು, ಕಾಣೆಯಾದವರು ನೂರಾರು. ಅದಾದ ಮೇಲೆ, 2019ರಲ್ಲಿ, ಉಪಗ್ರಹದಿಂದ ದೋಣಿಗೆ ಸಂದೇಶ ಕೊಡೋ ಜೆಮಿನಿ ಅನ್ನೋ ಪುಟ್ಟ ಪೆಟ್ಟಿಗೆ ಬಂತು. 1898ರ ಕಂಬ ಮಾಡ್ತಿದ್ದ ಕೆಲಸವನ್ನ ದಡ ಕಾಣದ ಕಡೆಯೂ ಮಾಡೋ ಪ್ರಯತ್ನ ಅದು.

ನಮ್ಮನೆ ಕಣ ಸಮುದ್ರದ ನಡುವೆ ಇರಲಿಲ್ಲ. ನೆಟ್‌ವರ್ಕ್ ಇತ್ತು. ಮಾತು ನನ್ನ ಕೈವರೆಗೂ ಬಂದು, ಅಲ್ಲಿಂದ ಅಜ್ಜನಿಗೆ ಇಪ್ಪತ್ತು ಹೆಜ್ಜೆ ಬಾಕಿ ಇತ್ತು, ಅಷ್ಟೇ.

ಈಗ ನಾನು ವಾರದ ಮುನ್ಸೂಚನೆ ಹೀಗೆ ಓದ್ತೀನಿ. "ಒಂದೆರಡು ಕಡೆ" ಅನ್ನೋದು ಇಲಾಖೆಯ ಲೆಕ್ಕದ ಮಾತು, ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆ ಅಂತ ಅರ್ಥ. "ಕೆಲವೆಡೆ" ಅಂದ್ರೆ ಅರ್ಧದವರೆಗೆ. ಮೊದಲ ಎರಡು ಮೂರು ದಿನದ ಮಾತನ್ನ ನಂಬಿ ಕೆಲಸ ಇಟ್ಕೊಳ್ತೀನಿ. ಐದು, ಆರು, ಏಳನೇ ದಿನದ್ದನ್ನ ಮನಸ್ಸಲ್ಲಿಟ್ಕೊಂಡು ದಿನಾ ಮತ್ತೆ ನೋಡ್ತೀನಿ. ಆಮೇಲೆ ಊರಿಗೆ ಫೋನ್ ಮಾಡ್ತೀನಿ.

ಅಜ್ಜ ಈಗಲೂ ಮೊದಲು ಪಡುವಣ ಮೋಡ ನೋಡಿ, ಆಮೇಲೆ ನನ್ನ ಕೇಳ್ತಾರೆ, "ನಿನ್ನ ಫೋನ್ ಎಂತ ಹೇಳುತ್ತೆ ಮಾರಾಯ?" ಈ ವಾರ ಒಣಹವೆ ಅಜ್ಜ, ಶನಿವಾರ ಮಾತ್ರ ಒಂದೆರಡು ಕಡೆ ಮಳೆ ಅಂತ ಇದೆ, ಅಂದೆ. "ಹಾಗಾದ್ರೆ ಶುಕ್ರವಾರ ಸಂಜೆಗೇ ರಾಶಿ ಮಾಡಿ ಮುಚ್ಚೋದು" ಅಂದ್ರು.

ನಿಮ್ಮ ಊರಲ್ಲೂ ಯಾರೋ ಒಬ್ಬರು ಅಂಗಳದಲ್ಲಿ ಏನನ್ನೋ ಒಣಹಾಕಿರ್ತಾರೆ. ಈ ಎಪಿಸೋಡು ಮುಗಿದ ಮೇಲೆ ಅವರಿಗೊಂದು ಕಾಲ್ ಮಾಡಿ.