ಹಳಿ ಹೋದರೂ ದಾರಿ ಉಳಿಯಲಿ

ರೈಲು ಓಡದ ಹಳಿ ಕಂಡರೆ ಸಾಕು, ಆ ಜಾಗವನ್ನು ರಸ್ತೆಗೋ ಬಡಾವಣೆಗೋ ಕೊಟ್ಟುಬಿಡಿ ಎಂಬ ಮಾತು ಏಳುತ್ತದೆ. ನಮ್ಮ ನಾಡಿನ ರೈಲು ಚರಿತ್ರೆ ಈ ಅವಸರವನ್ನು ಒಪ್ಪುವುದಿಲ್ಲ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರದ ಮೇಲೆ ಬಂಗಾರಪೇಟೆ ಮುಟ್ಟುತ್ತಿದ್ದ ಎರಡೂವರೆ ಅಡಿಯ ನ್ಯಾರೋಗೇಜ್ ಮಾರ್ಗವನ್ನೇ ನೋಡಿ. 1910ರ ದಶಕದಲ್ಲಿ ತುಂಡು ತುಂಡಾಗಿ ಹಾಕಿದ ಈ ಹಳಿಯ ಸರಕನ್ನು ದೊಡ್ಡ ಮಾರ್ಗ ಸೇರುವಲ್ಲೆಲ್ಲ ಇಳಿಸಿ ಮತ್ತೆ ಹೇರಬೇಕಿತ್ತು. ಬಸ್ಸು ಲಾರಿ ಹೆಚ್ಚಿದಂತೆ ಅದು ಸೊರಗಿತು. 1990ರ ದಶಕದಲ್ಲಿ ಎರಡು ತುದಿಗಳು ಬ್ರಾಡ್‌ಗೇಜ್ ಆದವು. ಕೋಲಾರ–ಚಿಕ್ಕಬಳ್ಳಾಪುರದ ನಡುವಿನ ಭಾಗಕ್ಕೆ ಆ ಭಾಗ್ಯ ಬಂದದ್ದು 2013ರಲ್ಲಿ. ನಂದಿ ಹಾಲ್ಟ್, ಆವತಿಹಳ್ಳಿ, ದೊಡ್ಡಜಾಲದ ಹಳೆಯ ನಿಲ್ದಾಣಗಳು ಪಾಳುಬಿದ್ದವು. ಆಗಲೇ ಆ ನೆಲವನ್ನು ಹಂಚಿಬಿಟ್ಟಿದ್ದರೆ ಏನಾಗುತ್ತಿತ್ತು? 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. 2020ರಲ್ಲಿ ಕೇಂದ್ರ ಒಪ್ಪಿದ 148 ಕಿಲೋಮೀಟರಿನ ಬೆಂಗಳೂರು ಉಪನಗರ ರೈಲು ಯೋಜನೆಯ ಒಂದು ಕವಲು ದೇವನಹಳ್ಳಿಯ ಕಡೆಗೇ ಹೊರಟಿದೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಸ್ಟೇಷನ್ ತೆರೆಯಿತು. ನಂದಿ ಹಾಲ್ಟ್ ಕಟ್ಟಡವನ್ನು ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆ ಜೀರ್ಣೋದ್ಧಾರ ಮಾಡಿತು.

ವಿಮಾನ ನಿಲ್ದಾಣದ ಹಾಲ್ಟಿನ ರೈಲುಗಳಿಗೆ ಜನವೇ ಹತ್ತಲಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಂಟಿ ಹಳಿಯ ಮೇಲೆ, ಅನುಕೂಲವಲ್ಲದ ವೇಳೆಗೆ ಓಡುವ ಬೆರಳೆಣಿಕೆಯ ರೈಲುಗಳನ್ನು ಎಣಿಸಿ ಜನರಿಗೆ ರೈಲೇ ಬೇಡವೆನ್ನುವುದು ತಪ್ಪು ಲೆಕ್ಕ. ಇನ್ನು ಹಳಿಯಿಂದ ನಷ್ಟವೇ ಎಂಬ ಮಾತಿಗೆ ನಮ್ಮ ಸೇಡಂ–ಚಿತ್ತಾಪುರದ ಹಳಿಯೇ ಉತ್ತರ. ನಿಜಾಮ ಸರ್ಕಾರ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿಸಿದ ಈ ಮಾರ್ಗ ಮೊದಮೊದಲು ಖಜಾನೆಗೆ ಭಾರವೇ ಆಗಿತ್ತು. ನೂರು ವರ್ಷ ಕಳೆದ ಮೇಲೆ ಮಳಖೇಡ, ಸೇಡಂಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಎದ್ದಾಗ ಅವುಗಳ ಸರಕು ಹೊತ್ತದ್ದು ಇದೇ ಹಳಿ. 1874ರಲ್ಲಿ ಅದನ್ನು ಊಹಿಸಿದವರು ಯಾರು?

ಸೈಕಲ್ ಪಥ, ಉದ್ಯಾನ ಮಾಡಬಾರದೇ ಎನ್ನುವವರ ಆಸೆಯೂ ಒಳ್ಳೆಯದೇ. ನ್ಯೂಯಾರ್ಕಿನಲ್ಲಿ 1980ರಲ್ಲಿ ರೈಲು ನಿಂತ ಎತ್ತರದ ಹಳಿ 2009ರಲ್ಲಿ ಉದ್ಯಾನವಾಗಿ ಜನರಿಗೆ ತೆರೆಯಿತು. ಅದೇ ಅಮೆರಿಕ 1983ರಲ್ಲಿ ಮಾಡಿದ ಕಾನೂನಿನಲ್ಲಿ ಇನ್ನೂ ದೂರದ ನೋಟವಿದೆ: ನಿಂತ ಮಾರ್ಗದಲ್ಲಿ ಜನ ಈಗ ನಡೆಯಲಿ, ಸೈಕಲ್ ತುಳಿಯಲಿ, ಮುಂದೆ ರೈಲು ಬೇಕಾದರೆ ನೆಲ ಅಖಂಡವಾಗಿ ಸಿಗಲಿ. ನಮಗೂ ಇಂಥ ಕಟ್ಟುಪಾಡು ಬೇಕು. ನಮ್ಮ ಸೇಡಂ ಕಡೆಯ ಕುರಕುಂಟಾದ ಸರ್ಕಾರಿ ಸಿಮೆಂಟ್ ಕಾರ್ಖಾನೆ 1998ರಲ್ಲಿ ನಿಂತಿತು. ಸುಣ್ಣಕಲ್ಲನ್ನೇ ನಂಬಿದ ಈ ಸೀಮೆಯಲ್ಲಿ ನಾಳೆ ಬೇರೆ ಕಾರ್ಖಾನೆಗಳೂ ನಿಲ್ಲಬಹುದು, ಅವಕ್ಕೆಂದೇ ಹಾಕಿದ ಹಳಿಗಳೂ ಬರಿದಾಗಬಹುದು. ಆಗ ಮಾರಾಟಕ್ಕೆ ಮುಂಚೆ ಸುತ್ತಲಿನ ಹಳ್ಳಿಗಳ ಜನರನ್ನು ಕೇಳಬೇಕು. ಒಮ್ಮೆ ನಿವೇಶನಗಳಾಗಿ ಚೂರಾದ ದಾರಿಯನ್ನು ಮತ್ತೆ ಜೋಡಿಸಲು ಯಾವ ಸರ್ಕಾರದ ಬೊಕ್ಕಸಕ್ಕೂ ಆಗದು.