ನಗರದ ದಾರಿಯೂ ಪ್ರಜೆಯ ಅರಿಕೆಯೂ

ಕ್ರಿ. ಶ. 1881ನೆಯ ಅಕ್ಟೋಬರಿನಲ್ಲಿ, ದಸರೆಯ ಸಮಯಕ್ಕೆ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಸೇರಿಸಿದರೆಂಬುದು ವಾಚಕರಿಗೆ ವಿದಿತವಾದ ಸಂಗತಿ. ರೈತರೂ ವರ್ತಕರೂ ಸೇರಿ 144 ಮಂದಿ ಅಲ್ಲಿ ಕಲೆತರು. ದಿವಾನರು ಸಂಸ್ಥಾನದ ಆಯವ್ಯಯಗಳನ್ನು ವಿವರಿಸುವರು. ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುವರು. ಒಂದು ವೆಚ್ಚವನ್ನು ಮತವಿತ್ತು ತಡೆಯುವ ಅಧಿಕಾರವಾಗಲಿ, ಮಂಜೂರುಮಾಡುವ ಅಧಿಕಾರವಾಗಲಿ ಸಭೆಗೆ ಇರಲಿಲ್ಲ. 1876–78ರ ಕ್ಷಾಮದ ದಿನಗಳಲ್ಲಿ ಸಂಸ್ಥಾನದ ಹಣದಿಂದಲೇ ಕೈಗೊಂಡ ಬೆಂಗಳೂರು–ಮೈಸೂರು ರೈಲುದಾರಿಯು 1882ರಲ್ಲಿ ಮೈಸೂರನ್ನು ಮುಟ್ಟಿತು. 1886ರಲ್ಲಿ ಅದು ಸದರನ್ ಮರಾಠಾ ಕಂಪೆನಿಯ ವಶಕ್ಕೆ ಹೋಯಿತು. ಇಂಥ ದೊಡ್ಡ ವ್ಯವಹಾರದಲ್ಲಿ ಪ್ರಜೆಗಿದ್ದುದು ಅರಿಕೆಯ ಬಾಯಿ ಮಾತ್ರ. 1923ರ ಶಾಸನದಿಂದ ಸಭೆಗೆ ಕಾನೂನಿನ ಆಧಾರ ದೊರೆತು, ಹೊಸ ತೆರಿಗೆಯ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮ ಬಂದಿತು. ಕೇಳಬೇಕೆಂದು ನಿಯಮವಿತ್ತೇ ಹೊರತು ಕೇಳಿದಂತೆ ನಡೆಯಬೇಕೆಂದು ಇರಲಿಲ್ಲ.

ಈ ಹಳೆಯ ವೃತ್ತಾಂತವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಸಂಸ್ಥಾನವು ಹೋಗಿ ಪ್ರಜಾಪ್ರಭುತ್ವವು ಬಂದಮೇಲೂ ನಗರದ ದಾರಿಗಳ ವಿಷಯದಲ್ಲಿ ಪ್ರಜೆಯ ಸ್ಥಾನವು ಅರಿಕೆಯಿಂದ ಬಹುದೂರ ಸಾಗಿದಂತೆ ತೋರುವುದಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ನಕ್ಷೆಯನ್ನು ಪ್ರಕಟಿಸಿ ಜನರ ಆಕ್ಷೇಪಣೆಗಳನ್ನೂ ಸಲಹೆಗಳನ್ನೂ ಕರೆಯುವುದುಂಟು. ಸಮ್ಮತಿಯೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ನಕ್ಷೆಯ ಸಂಗತಿ ಇಷ್ಟು. ಹಣದ ಸಂಗತಿಯಾದರೋ ಜನರ ಮುಂದೆ ಬರುವುದು ಇನ್ನೂ ಅಪೂರ್ವ. 1992ರ 74ನೆಯ ಸಂವಿಧಾನ ತಿದ್ದುಪಡಿಯು ಇದಕ್ಕೊಂದು ಪರಿಹಾರವನ್ನು ಸೂಚಿಸಿತು: ಮಹಾನಗರ ಯೋಜನಾ ಸಮಿತಿಯೊಂದು ಇರಬೇಕು, ಅದರ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಷ್ಟು ಮಂದಿ ನಗರದ ಹಾಗೂ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳಿಂದ ಆರಿಸಲ್ಪಟ್ಟವರಾಗಿರಬೇಕು.

ಬೆಂಗಳೂರಿನಲ್ಲಿ ಈ ವಿಧಿಯು ಪರೀಕ್ಷೆಗೆ ಒಳಗಾದುದು 2016ರಲ್ಲಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆಯೊಂದನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಕಟ್ಟತಕ್ಕದ್ದೆಂದು ಗೊತ್ತಾಗಿತ್ತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾಗಿದ್ದ ಮರಗಳು 812. ಇಷ್ಟು ದೊಡ್ಡ ಕಾರ್ಯವನ್ನು ಮಹಾನಗರ ಯೋಜನಾ ಸಮಿತಿಯ ಮುಂದೆ ಇಡಲೇ ಇಲ್ಲವೆಂಬುದು ವಿರೋಧಿಗಳ ಮುಖ್ಯ ವಾದ. ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಆ ರಸ್ತೆಯ ಅಂಚಿನಲ್ಲಿ ಕೈಕೈ ಹಿಡಿದು ಸರಪಳಿಯಾಗಿ ನಿಂತರು. ಅದೇ ತಿಂಗಳ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತಾತ್ಕಾಲಿಕ ತಡೆಯನ್ನು ವಿಧಿಸಿತು.

ಅಂದಿನ ಘೋಷವಾಕ್ಯವು ಭಾಷಾಭ್ಯಾಸಿಗಳ ಗಮನಕ್ಕೆ ಅರ್ಹವಾದುದು: ‘ಸ್ಟೀಲ್ ಫ್ಲೈಓವರ್ ಬೇಡ’. ನಾಮಪದವೆಲ್ಲ ಇಂಗ್ಲಿಷು, ನಿರ್ಣಯ ಮಾತ್ರ ಕನ್ನಡ. ಮನೆಯಲ್ಲಿ ಬೇರೆಬೇರೆ ಭಾಷೆಗಳನ್ನಾಡುವ ಜನರೂ ನಿರಾಕರಣೆಗೆ ಈ ಊರಿನ ಮಾತನ್ನೇ ಹಿಡಿದರು. ಬೇಡುವುದಕ್ಕೂ ಬೇಡವೆನ್ನುವುದಕ್ಕೂ ಕಿವಿಯಲ್ಲಿರುವ ಸಾಮೀಪ್ಯವನ್ನು ನೆನೆದರೆ, 1881ರ ಅರಿಕೆಯು 135 ವರ್ಷಗಳಲ್ಲಿ ಎಲ್ಲಿಗೆ ಬಂದು ಮುಟ್ಟಿತೆಂಬುದು ತಿಳಿಯುತ್ತದೆ.

2017ರ ಮಾರ್ಚ್ 2ರಂದು ಸಚಿವರು ಯೋಜನೆಯನ್ನು ಕೈಬಿಟ್ಟುದಾಗಿ ಸಾರಿದರು. ಇದನ್ನು ಜನಮತದ ಜಯವೆಂದು ಬರೆದವರು ಬಹುಮಂದಿ. ಆದರೆ ಇತಿಹಾಸಕಾರನು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಸರ್ಕಾರವು ಮುಂದಿಟ್ಟ ಕಾರಣವು ತನ್ನ ಮೇಲೆ ಬಂದ ಲಂಚದ ಆಪಾದನೆಗಳು. ಪ್ರಜೆಯನ್ನು ಮೊದಲೇ ಕೇಳಬೇಕಾಗಿತ್ತೆಂಬ ತತ್ತ್ವವನ್ನು ಅದು ಒಪ್ಪಿದಂತೆ ಕಾಣುವುದಿಲ್ಲ. ಫಲವು ದೊರೆಯಿತು, ಹಕ್ಕು ಸ್ಥಾಪಿತವಾಗಲಿಲ್ಲ. ಇದಕ್ಕೆ ಮುಂದಿನ ಸಾಕ್ಷಿಯೂ ಉಂಟು: 2017ರಲ್ಲಿ ಪ್ರಕಟವಾದ 2031ರ ನಗರಯೋಜನೆಯ ಕರಡಿಗೆ 13,000ಕ್ಕೂ ಮಿಕ್ಕಿ ಆಕ್ಷೇಪಣೆಗಳು ಬಂದವು, 2020ರಲ್ಲಿ ಆ ಕರಡನ್ನೇ ಹಿಂತೆಗೆದುಕೊಳ್ಳಲಾಯಿತು.

‘ಬೇಡ’ ಎಂದವರೇ ‘ಬೇಕು’ ಎಂದೂ ಹೇಳಿದರೆಂಬುದನ್ನು ಮರೆಯಲಾಗದು. 2016ರ ಕೊನೆಯಲ್ಲಿ ‘ಚುಕುಬುಕು ಬೇಕು’ ಎಂಬ ಕೂಗಿನೊಡನೆ ಉಪನಗರ ರೈಲಿನ ಬೇಡಿಕೆಯು ಬೀದಿಗೆ ಬಂದಿತು. ಹಳಗನ್ನಡದ ‘ಬೇೞ್ಕುಂ’ ಸವೆದು ಉಳಿದ ಈ ಪುಟ್ಟ ಮಾತಿಗೆ ಕಾನೂನಿನಲ್ಲಿ ‘ಬೇಡ’ಕ್ಕಿದ್ದಷ್ಟು ಬಾಗಿಲೂ ಇರಲಿಲ್ಲ. ಆಕ್ಷೇಪಣೆಗೆ ಕೊನೆಯ ದಿನಾಂಕವೊಂದಿರುತ್ತದೆ, ನ್ಯಾಯಾಲಯವಿರುತ್ತದೆ. ಇನ್ನೂ ಇಲ್ಲದ ಒಂದು ದಾರಿಯನ್ನು ಅಪೇಕ್ಷಿಸುವವನು ಯಾವ ಕಚೇರಿಯ ಮೆಟ್ಟಿಲನ್ನು ಹತ್ತಬೇಕು? ಹಲವು ದಶಕಗಳಿಂದ ಕಾಗದದ ಮೇಲಿದ್ದ ಆ ಯೋಜನೆಗೆ ಕೇಂದ್ರ ಸರ್ಕಾರದ ಮಂಜೂರಾತಿ ದೊರೆತುದು 2020ರ ಅಕ್ಟೋಬರಿನಲ್ಲಿ: ಉದ್ದ 148 ಕಿಲೋಮೀಟರು, ವೆಚ್ಚ 15,767 ಕೋಟಿ ರೂಪಾಯಿ. ಕೇಂದ್ರದ ಪಾಲು ನೂರಕ್ಕೆ 20, ರಾಜ್ಯದ ಪಾಲು 20, ಮಿಕ್ಕ 60 ಸಾಲ. ನಗರದ ಚುನಾಯಿತ ಸಭೆಯ ಮತಕ್ಕೆ ಈ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು ಅದರ ಹಿಂದಿನ ತಿಂಗಳಲ್ಲೇ ಮುಗಿದುಹೋಗಿತ್ತು.